ತಟ್ಟೆಯಲ್ಲಿ ಗೆದ್ದ ಲಿಥಿಯಂ

ದೊಡ್ಡ ಕರುಳಿನ ಕ್ಯಾನ್ಸರಿಗೆ ಲಿಥಿಯಂ ಮದ್ದಾದೀತೇ ಎಂದು ಹುಡುಕುವ ಪ್ರಬಂಧಗಳು ಕೈಗೆ ಬಂದರೆ ನಾನು ಮೊದಲು ನೋಡುವುದು ತೀರ್ಮಾನವನ್ನಲ್ಲ, ಪ್ರಮಾಣವನ್ನು. ಎಚ್‌ಸಿಟಿ116, ಎಸ್‌ಡಬ್ಲ್ಯು480 ಎಂಬ ಕ್ಯಾನ್ಸರ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಲಿಥಿಯಂ ಕ್ಲೋರೈಡ್ ಹಾಕುತ್ತಾರೆ. ಎಷ್ಟು? ಹತ್ತು, ಇಪ್ಪತ್ತು ಮಿಲಿಮೋಲಾರ್ ಅಲ್ಲಿ ಮಾಮೂಲು. ಬೈಪೋಲಾರ್ ಕಾಯಿಲೆಗೆಂದು ಲಿಥಿಯಂ ಕಾರ್ಬೊನೇಟ್ ನುಂಗುವವರ ರಕ್ತದಲ್ಲಿ ಅದು 0.6ರಿಂದ 1.2ರ ಆಸುಪಾಸಿನಲ್ಲಿರಬೇಕು. 1.5 ದಾಟಿದರೆ ನಡುಕ, ವಾಂತಿ, ತೊದಲು ಮಾತು; 2 ದಾಟಿದರೆ ಆಸ್ಪತ್ರೆಗೆ ಓಡಬೇಕು. 20ರಲ್ಲಿ ಕೋಶ ಸತ್ತರೆ ಅದು ಮದ್ದಿನ ಗುಣವೋ, ಬರೀ ಉಪ್ಪುನೀರಿನ ಹೊಡೆತವೋ? ಅಷ್ಟೇ ಪ್ರಮಾಣದ ಸೋಡಿಯಂ ಕ್ಲೋರೈಡ್ ಹಾಕಿದ ಜೋಡಿ ತಟ್ಟೆಯಿಲ್ಲದ ಪ್ರಬಂಧವನ್ನು ನಾನು ಮುಂದೆ ಓದುವುದಿಲ್ಲ.

ಇನ್ನೊಂದು ತಕರಾರು ಇದಕ್ಕಿಂತ ಆಳದ್ದು. ಲಿಥಿಯಂ ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆಯುತ್ತದೆಂದು 1996ರಲ್ಲೇ ತಿಳಿದಿತ್ತು. ಬೀಟಾ-ಕೆಟೆನಿನ್ ಎಂಬ ಪ್ರೋಟೀನಿಗೆ ಗುರುತು ಹಾಕಿ ನಾಶಕ್ಕೆ ಕಳಿಸುವುದು ಆ ಕಿಣ್ವದ ಕೆಲಸಗಳಲ್ಲೊಂದು. ಎಪಿಸಿ ಜೀನ್ ಕೆಟ್ಟು ಬೀಟಾ-ಕೆಟೆನಿನ್ ಮಿತಿಮೀರುವುದೇ ಬಹುಪಾಲು ಕರುಳಿನ ಗೆಡ್ಡೆಗಳ ಆರಂಭ. ಹಾಗಾದರೆ ಲಿಥಿಯಂ ಕ್ಯಾನ್ಸರಿನ ಕೈಗೇ ಕೋಲು ಕೊಟ್ಟಂತಾಗುವುದಿಲ್ಲವೇ? ಇದಕ್ಕೆ ಎಚ್‌ಸಿಟಿ116 ಉತ್ತರ ಕೊಡಲಾರದು. ಅದರಲ್ಲಿ ಬೀಟಾ-ಕೆಟೆನಿನ್ ಜೀನೇ ಕೆಟ್ಟಿದೆ, 45ನೇ ಸೆರಿನ್ ಬಿದ್ದುಹೋಗಿದೆ. ಆ ಕೆಟ್ಟ ಪ್ರೋಟೀನಿನ ಮಟ್ಟಿಗೆ ಜಿಎಸ್‌ಕೆ-3 ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎಸ್‌ಡಬ್ಲ್ಯು480ರಲ್ಲಿ ಮುರಿದಿರುವುದು ಎಪಿಸಿ. ಬೇರೆ ಬೇರೆ ಕಡೆ ಕೆಟ್ಟ ಎರಡನ್ನು ಒಂದೇ ಕೋಷ್ಟಕದಲ್ಲಿ ಕೂರಿಸಿ 'ಲಿಥಿಯಂ ಕೆಲಸ ಮಾಡಿತು' ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಈ ರಾಶಿಯ ನಡುವೆ ತಲೆಯೆತ್ತಿ ನಿಲ್ಲುವುದು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2021ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದ ಕೆಲಸ. ಎಪಿಸಿ ಕೆಟ್ಟ ಆಕರ ಕೋಶಗಳು ನೋಟಮ್‌ನಂಥ ಪ್ರೋಟೀನುಗಳನ್ನು ಸ್ರವಿಸಿ, ಪಕ್ಕದ ಆರೋಗ್ಯವಂತ ಕೋಶಗಳಿಗೆ ಬದುಕಲು ಬೇಕಾದ ವಿಂಟ್ ಸಂಕೇತ, ಅಂದರೆ ಬೀಟಾ-ಕೆಟೆನಿನ್ ನಾಶವಾಗದಂತೆ ಕಾಯುವ ಸಂಕೇತ, ಸಿಗದಂತೆ ಮಾಡುತ್ತವೆ. ಬದು ಒತ್ತುವ ಪಕ್ಕದ ಹೊಲದವನ ಹಾಗೆ ಇಂಚಿಂಚೇ ಜಾಗ ಕಬಳಿಸುತ್ತವೆ. ಇಲಿಗಳಿಗೆ ಲಿಥಿಯಂ ಕೊಟ್ಟಾಗ ಆರೋಗ್ಯವಂತ ಕೋಶಗಳು ಆ ತಡೆಗೆ ಜಗ್ಗಲಿಲ್ಲ, ನೆಲ ಬಿಡಲಿಲ್ಲ. ಗೆಡ್ಡೆ ಹುಟ್ಟುವುದಕ್ಕೇ ಅಡ್ಡಿಯಾಯಿತು. ಮೇಲೆ ಹೇಳಿದ ತಕರಾರು ಇಲ್ಲಿ ತಲೆಕೆಳಗಾಗುತ್ತದೆ: ವಿಂಟ್ ಹಾದಿಯನ್ನು ಚುರುಕುಗೊಳಿಸುವ ಗುಣವೇ ಉಪಕಾರಿಯಾಯಿತು, ಏಕೆಂದರೆ ಅದರ ಲಾಭ ಹೋದದ್ದು ಒಳ್ಳೆಯ ಕೋಶಗಳಿಗೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಮಾತೇ ಇಲ್ಲಿಲ್ಲ. ಇಷ್ಟು ಜಾಣ ಪ್ರಯೋಗ ಈ ಕ್ಷೇತ್ರದಲ್ಲಿ ನಾನು ಬೇರೆ ನೋಡಿಲ್ಲ.

ಆದರೆ ಇದು ತಡೆಯುವ ಉಪಾಯ, ಗುಣಪಡಿಸುವುದಲ್ಲ. ಕೆಟ್ಟ ಎಪಿಸಿ ಜೀನನ್ನು ಹುಟ್ಟಿನಿಂದಲೇ ಹೊತ್ತು, ಎಳೆ ವಯಸ್ಸಿನಲ್ಲೇ ಕರುಳಿನ ತುಂಬ ನೂರಾರು ಪಾಲಿಪ್ ಬೆಳೆಯುವ ಕುಟುಂಬಗಳಿವೆ; ನೆದರ್ಲೆಂಡ್ಸ್‌ನವರು ಮನುಷ್ಯರ ಮೇಲಿನ ಪರೀಕ್ಷೆಗೆ ಅಂಥವರನ್ನೇ ಆರಿಸಿಕೊಂಡದ್ದು ಸರಿಯಾಗಿದೆ. ಉಳಿದವರ ವಿಷಯದಲ್ಲಿ ಡೆನ್ಮಾರ್ಕ್‌ನ 2016ರ ರಾಷ್ಟ್ರವ್ಯಾಪಿ ಅಧ್ಯಯನ ಉತ್ಸಾಹಕ್ಕೆ ತಣ್ಣೀರು ಎರಚುತ್ತದೆ: ವರ್ಷಗಟ್ಟಲೆ ಲಿಥಿಯಂ ನುಂಗಿದವರಲ್ಲಿ ಒಟ್ಟಾರೆ ಕರುಳಿನ ಕ್ಯಾನ್ಸರ್ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಕಿಮೋ ಜೊತೆ ಲಿಥಿಯಂ ಸೇರಿಸೋಣ ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಇರಿನೊಟೆಕಾನ್ ಎಂಬ ಕಿಮೋ ಮದ್ದು ಕೊಟ್ಟವರಿಗೆ ಭೇದಿ ಕಿತ್ತುಕೊಳ್ಳುವುದು ಸಾಮಾನ್ಯ. ನೀರು, ಸೋಡಿಯಂ ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡ ಸೋಡಿಯಮ್ಮಿನ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. 0.8 ಇದ್ದದ್ದು 2ಕ್ಕೆ ಏರುವ ಆ ದಿನಗಳಲ್ಲಿ ರೋಗಿಯ ರಕ್ತವನ್ನು ಯಾರು, ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ?