‘ದ್ವೀಪ’ದ ನಾಗಿ: ಪರಿಶ್ರಮವೂ ಕೃಪೆಯೂ

ಸಾಗರದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ‘ದ್ವೀಪ’ ಚಲನಚಿತ್ರವು 2001ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಈ ಕಥೆಯನ್ನು ಮುಳುಗಡೆಯ ಕಥೆಯೆಂದೇ ಹೆಚ್ಚಾಗಿ ಓದುತ್ತಾರೆ. ಅದು ಸಹಜ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲಿ ದುಡಿದು, ನೆಲೆ ಕಳೆದುಕೊಂಡವರ ಸಂಕಟವನ್ನು ಹತ್ತಿರದಿಂದ ಕಂಡವರು. ಆದರೆ ನಾವು ಇಲ್ಲಿ ಚಿತ್ರದ ಇನ್ನೊಂದು ಎಳೆಯನ್ನು ಹಿಡಿಯಬಯಸುತ್ತೇವೆ. ಅದು ನಾಗಿ ಎಂಬ ತರುಣಿ ತನ್ನ ಶಕ್ತಿಯನ್ನು ತಾನೇ ಕಂಡುಕೊಳ್ಳುವ ಕಥೆ. ಕೊನೆಗೆ ದೇವರ ಹೆಸರಿನಲ್ಲಿ ಆ ಶಕ್ತಿಗೆ ಮನ್ನಣೆ ತಪ್ಪುವ ಕಥೆ.

ಚಿತ್ರದ ಆರಂಭದಲ್ಲಿ ನಾಗಿ ಸೀತಾಪರ್ವತದ ಮನೆಯ ಸೊಸೆ. ನಿರ್ಧಾರಗಳು ಮಾವ ದುಗ್ಗಜ್ಜನವು, ಇಲ್ಲವೇ ಗಂಡ ಗಣಪನವು. ಅಣೆಕಟ್ಟಿನ ನೀರು ಏರುತ್ತದೆ, ಊರವರು ಪರಿಹಾರ ಪಡೆದು ಹೊರಡುತ್ತಾರೆ, ಈ ಮನೆಯವರು ಮಾತ್ರ ಉಳಿಯುತ್ತಾರೆ. ಮುಂದೆ ದುಗ್ಗಜ್ಜ ಇಲ್ಲವಾಗುತ್ತಾನೆ. ನೆರವಿಗೆಂದು ಬಂದ ಕೃಷ್ಣನ ಮೇಲೆ ಗಣಪನಿಗೆ ಸಂಶಯ ಹುಟ್ಟುತ್ತದೆ, ಅವನೂ ಹೊರಟುಹೋಗುತ್ತಾನೆ. ಗಣಪನ ಧೈರ್ಯವೂ ಕುಸಿಯುತ್ತದೆ. ಹೀಗೆ ಆಸರೆಗಳು ಒಂದೊಂದಾಗಿ ಕಳಚಿಬಿದ್ದಂತೆ ನಾಗಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ನೀರು ಏರಿದಂತೆ ನೆಲ ಕಿರಿದಾಗುತ್ತದೆ, ನಾಗಿ ಬೆಳೆಯುತ್ತಾಳೆ. ಈ ಬೆಳವಣಿಗೆಯನ್ನು ನಿರ್ದೇಶಕರು ದೊಡ್ಡ ಮಾತುಗಳಿಂದ ಹೇಳಿಸುವುದಿಲ್ಲ. ನಟಿ ಸೌಂದರ್ಯ ಅವರ ನಡಿಗೆ, ನೋಟ, ಕೆಲಸದಲ್ಲಿ ತೊಡಗಿದ ಕೈಗಳೇ ಅದನ್ನು ಹೇಳುತ್ತವೆ.

ಭೀಕರ ಮಳೆಯ ನಡುವೆ ಮನೆಯನ್ನು ಉಳಿಸಿಕೊಳ್ಳಲು ಹೆಣಗಿದವಳು ನಾಗಿ. ಮಳೆ ಇಳಿದಾಗ ತನ್ನ ಶ್ರಮ ಫಲಿಸಿತೆಂದು ಅವಳು ಹಿಗ್ಗುತ್ತಾಳೆ. ಗಣಪನಾದರೋ ಅದು ದೇವರ ಕಾಪಾಡುವಿಕೆಯೇ ಹೊರತು ಅವಳ ಸಾಧನೆಯಲ್ಲ ಎಂದುಬಿಡುತ್ತಾನೆ.

ಈ ಮುಕ್ತಾಯವನ್ನು ಕಂಡು, ಚಿತ್ರ ಧರ್ಮವನ್ನೇ ದೂಷಿಸುತ್ತದೆ ಎಂದು ಹೇಳುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಚಿತ್ರದ ಆಕ್ಷೇಪ ದೇವರ ಮೇಲಲ್ಲ. ದೇವರ ಪರವಾಗಿ ಮಾತನಾಡುವ ಅಧಿಕಾರ ತನ್ನದೆಂದು ಭಾವಿಸಿದವನ ಮೇಲೆ. ಆ ಅಧಿಕಾರ ನಮ್ಮ ಕೈಯಲ್ಲೂ ಇರುವುದರಿಂದ ಈ ದೃಶ್ಯ ಗುರುಗಳಾದ ನಮಗೆ ನೇರವಾಗಿ ತಾಗುತ್ತದೆ.

ಅದು ತಾಗಿದ ಬಗೆಯನ್ನು ಮರೆಮಾಚದೆ ಹೇಳುವುದು ಒಳಿತು. ಶಿವಮೊಗ್ಗ ನಗರದಲ್ಲಿ ಕಾಲೇಜು ವಿದ್ಯಾರ್ಥಿನಿಯರಿಗೆ ಈ ಚಿತ್ರ ತೋರಿಸಿ ಚರ್ಚೆ ನಡೆಸಿದ ಮೇಲೆ, ಭದ್ರಾವತಿಯ ಒಂದು ಧರ್ಮಕೇಂದ್ರದ ಯುವಜನರಿಗೂ ಅದನ್ನು ತೋರಿಸಿದೆವು. ಕಾಗದ ಕಾರ್ಖಾನೆಯ ಉತ್ಪಾದನೆ ನಿಂತು, ಉಕ್ಕಿನ ಕಾರ್ಖಾನೆ ಸೊರಗಿದ ಆ ಊರಿನಲ್ಲಿ ಎಷ್ಟೋ ಮನೆಗಳು ಇಂದು ಹೆಣ್ಣುಮಕ್ಕಳ ದುಡಿಮೆಯಿಂದ ನಡೆಯುತ್ತಿವೆ. ಪ್ರತಿದಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ನರ್ಸಿಂಗ್ ಓದಿ, ಸಂಜೆ ಬಟ್ಟೆ ಅಂಗಡಿಯಲ್ಲಿ ದುಡಿದು ತೇರ್ಗಡೆಯಾದ ಯುವತಿಯೊಬ್ಬಳು ಅಲ್ಲಿದ್ದಳು. ಕೆಲವು ತಿಂಗಳ ಹಿಂದೆ ಅವಳ ಕೃತಜ್ಞತಾ ಬಲಿಪೂಜೆಯಲ್ಲಿ ನಾವೇ ಪ್ರಬೋಧನೆ ನೀಡಿದ್ದೆವು. ಚರ್ಚೆಯ ಕೊನೆಗೆ ಅವಳು ಎದ್ದು, “ಫಾದರ್, ಅವತ್ತು ಪೂಜೇಲಿ ನೀವೂ ಗಣಪನ ಹಾಗೇ ಹೇಳಿದ್ರಲ್ಲ?” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದು ನಿನ್ನ ಬುದ್ಧಿಯಿಂದಾದದ್ದಲ್ಲ, ಕೇವಲ ದೇವರ ಕೃಪೆ ಎಂದು ನಾವು ಅಂದು ಹೇಳಿದ್ದು ನಿಜ. ಆ ಕ್ಷಣ ನಮ್ಮಲ್ಲಿ ಉತ್ತರವಿರಲಿಲ್ಲ.

ನಾವು ಕಲಿಸುವ ದೈವಶಾಸ್ತ್ರದಲ್ಲಿ ಉತ್ತರವಿತ್ತು. ದೈವಕೃಪೆಯು ಮಾನವ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಕೃಪೆಯಿಂದ ಪ್ರೇರಿತವಾದ ಮಾನವನ ಇಚ್ಛೆ ಅದಕ್ಕೆ ಸಹಕರಿಸುತ್ತದೆ, ನಿರ್ಜೀವ ವಸ್ತುವಿನಂತೆ ಸುಮ್ಮನಿರುವುದಿಲ್ಲ ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿತು. ಪರೀಕ್ಷೆಯಲ್ಲಿ ಗುರುವಿದ್ಯಾರ್ಥಿಗಳು ಇದನ್ನು ಸರಿಯಾಗಿಯೇ ಬರೆಯುತ್ತಾರೆ. ಪ್ರಬೋಧನಾ ಪೀಠಕ್ಕೆ ಬಂದಾಗ ಮಾತ್ರ, ದೇವರನ್ನು ಹೊಗಳಲು ಮನುಷ್ಯನನ್ನು ಕುಗ್ಗಿಸಲೇಬೇಕು ಎಂಬ ಹಳೆಯ ರೂಢಿ ನಮ್ಮನ್ನು ಹಿಡಿಯುತ್ತದೆ. ಹಾಗೆ ಕುಗ್ಗುವ ಸರದಿ ಹೆಚ್ಚಾಗಿ ಹೆಣ್ಣುಮಕ್ಕಳದು.

ಇಲ್ಲೊಂದು ಆಕ್ಷೇಪ ಬರಬಹುದು. ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದಲ್ಲಿ (15:10) ದುಡಿದವನು ತಾನಲ್ಲ, ತನ್ನೊಡನಿದ್ದ ದೇವರ ಕೃಪೆ ಎಂದು ಹೇಳಲಿಲ್ಲವೇ? ಹೇಳಿದರು. ಆದರೆ ಎಲ್ಲರಿಗಿಂತ ಹೆಚ್ಚಾಗಿ ದುಡಿದವನು ತಾನು ಎಂದು ಅದೇ ವಚನದಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡ ಮೇಲೆ ಹಾಗೆ ಹೇಳಿದರು. ಎರಡನೆಯದಾಗಿ, ಅವರು ಅದನ್ನು ಹೇಳಿದ್ದು ತಮ್ಮನ್ನು ಕುರಿತು. ‘ನಾನಲ್ಲ’ ಎನ್ನುವುದು ವಿನಯ. ಮತ್ತೊಬ್ಬರ ದುಡಿಮೆಯನ್ನು ತೋರಿಸಿ ‘ನೀನಲ್ಲ’ ಎನ್ನುವುದು ವಿನಯವಲ್ಲ, ಅನ್ಯಾಯ. ಗಣಪನ ಮಾತಿನ ತಪ್ಪು ದೇವರನ್ನು ಹೆಸರಿಸಿದ್ದರಲ್ಲಿಲ್ಲ. ನಾಗಿ ತಾನೇ ಹೇಳಬಹುದಾಗಿದ್ದ ಸ್ತುತಿಯನ್ನು ಅವಳ ಬಾಯಿಂದ ಕಸಿದುಕೊಂಡದ್ದರಲ್ಲಿದೆ.

ಯೇಸುಸ್ವಾಮಿಯ ನಡೆ ಇದಕ್ಕೆ ತೀರ ಭಿನ್ನ. ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಮಹಿಳೆ ಯಾರ ಅಪ್ಪಣೆಗೂ ಕಾಯದೆ ಜನಸಂದಣಿಯೊಳಗೆ ನುಗ್ಗಿ ಅವರ ಉಡುಪನ್ನು ಮುಟ್ಟುತ್ತಾಳೆ. ಗುಣಪಡಿಸಿದ ಶಕ್ತಿ ತಮ್ಮಿಂದ ಹೊರಟಿತೆಂದು ಯೇಸುವಿಗೆ ಗೊತ್ತು. ಇದು ನನ್ನಿಂದಾಯಿತು ಎನ್ನುವ ಹಕ್ಕು ಇದ್ದುದು ಅವರೊಬ್ಬರಿಗೇ. ಆದರೂ ಅವರು ಅವಳನ್ನು ಮಗಳೆಂದು ಕರೆದು, ಅವಳ ವಿಶ್ವಾಸವೇ ಅವಳನ್ನು ಗುಣಪಡಿಸಿತೆಂದು ಎಲ್ಲರೆದುರು ಸಾರುತ್ತಾರೆ. ಅದೇ ಅಧ್ಯಾಯದಲ್ಲಿ ಯಾಯೀರನ ಮಗಳನ್ನು ಕೈಹಿಡಿದು ಎಬ್ಬಿಸುತ್ತಾರೆ. ಅವಳ ವಯಸ್ಸೂ ಹನ್ನೆರಡು. ಎದ್ದ ಬಾಲಕಿ ತಾನೇ ನಡೆದಾಡಿದಳೆಂದು ಹೇಳಲು ಮಾರ್ಕನು ಮರೆಯುವುದಿಲ್ಲ. ಮಾತೆ ಮರಿಯಮ್ಮನವರೂ ತಮ್ಮ ಸ್ತುತಿಗೀತೆಯಲ್ಲಿ ದೇವರ ದಯೆಯನ್ನು ಕೊಂಡಾಡುತ್ತಲೇ, ಎಲ್ಲ ತಲೆಮಾರುಗಳೂ ತಮ್ಮನ್ನು ಧನ್ಯಳೆಂದು ಕರೆಯುವುವೆಂದು ಹೇಳಲು ಹಿಂಜರಿಯುವುದಿಲ್ಲ.

ಪಾಲನಾ ಸೇವೆಯಲ್ಲಿ ಇದರಿಂದ ಏನಾಗಬೇಕು? ಮಲೆನಾಡಿನ ಮನೆಗಳಲ್ಲಿ ಹುಡುಗಿ ಮೈನೆರೆದಾಗ ಆರತಿ ಎತ್ತುವ ರೂಢಿಯಿದೆ. ಅಲ್ಲಿ ಗುರುತಿಸುವುದು ದೇಹದ ಬೆಳವಣಿಗೆಯನ್ನು. ಹುಡುಗಿ ತಲೆತಗ್ಗಿಸಿ ಕೂರುತ್ತಾಳೆ. ಲ್ಯಾಟಿನ್ ಅಮೆರಿಕದ ಕಥೋಲಿಕರಲ್ಲಿ ಹುಡುಗಿಗೆ ಹದಿನೈದು ತುಂಬಿದಾಗ ‘ಕಿನ್ಸೆಆನ್ಯೆರಾ’ ಎಂಬ ಆಚರಣೆಯಿದೆ. ಆಡಂಬರ ಅದಕ್ಕೂ ಅಂಟಿಕೊಂಡಿದೆ. ಆದರೂ ಅದರ ಧಾರ್ಮಿಕ ವಿಧಿಯಲ್ಲಿ ಹುಡುಗಿ ತಾನೇ ಬಲಿಪೀಠದ ಮುಂದೆ ನಿಂತು ದೇವರಿಗೆ ವಂದನೆ ಸಲ್ಲಿಸಿ, ದೀಕ್ಷಾಸ್ನಾನದ ವಾಗ್ದಾನವನ್ನು ನವೀಕರಿಸುತ್ತಾಳೆ. ಆ ಪದ್ಧತಿಯನ್ನು ಇಲ್ಲಿಗೆ ತರಬೇಕಾಗಿಲ್ಲ. ಅವಳ ವಂದನೆಯನ್ನು ಅವಳೇ ಹೇಳಲಿ ಎಂಬ ತತ್ತ್ವವನ್ನು ಸ್ವೀಕರಿಸಿದರೆ ಸಾಕು. ದೃಢೀಕರಣ ಸಂಸ್ಕಾರದ ಸಿದ್ಧತೆಯಲ್ಲೂ ಕೃತಜ್ಞತಾ ಪೂಜೆಗಳಲ್ಲೂ ಅದಕ್ಕೆ ಅವಕಾಶವಿದೆ.

ಭದ್ರಾವತಿಯ ಆ ಧರ್ಮಕೇಂದ್ರಕ್ಕೆ ನಾವು ಮತ್ತೊಮ್ಮೆ ಹೋದಾಗ ಅದೇ ಯುವತಿಯನ್ನು ಕೇಳಿಕೊಂಡು, ಪೂಜೆಯ ಕೊನೆಯಲ್ಲಿ ಅವಳಿಂದಲೇ ಎರಡು ಮಾತು ಹೇಳಿಸಿದೆವು. ಬೆಳಗಿನ ಬಸ್ಸು, ಅಂಗಡಿಯ ನಿಲುಗಾಲಿನ ಕೆಲಸ, ರಾತ್ರಿಯ ಓದು ಎಲ್ಲವನ್ನೂ ಹೇಳಿ, ದೇವರು ತನ್ನ ಕೈಬಿಡಲಿಲ್ಲ ಎಂದು ಮುಗಿಸಿದಳು. ನಾವು ಅಂದು ಅವಳಿಗೆ ಕಲಿಸಹೊರಟದ್ದನ್ನು, ತನ್ನ ಶ್ರಮವನ್ನು ಮುಚ್ಚಿಡದೆಯೇ ಅವಳು ಹೇಳಿದಳು.