ಬೇರು ಹಿಡಿದು ಹೊರಟರೆ

ಪಿಯುಸಿ ಓದುವ ಮಗಳೋ ಬ್ಯಾಂಕ್ ಪರೀಕ್ಷೆಗೆ ಕೂರುವ ಸೊಸೆಯೋ ಇರುವ ಅನೇಕ ಮನೆಗಳಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕಣ್ಣಿಗೆ ಬೀಳುತ್ತದೆ: ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದ ಇದು ನಮ್ಮ ಊರುಗಳ ಅಂಗಡಿಗಳಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಪದಗಳನ್ನು ಪಟ್ಟಿ ಮಾಡಿ ಉರುಹೊಡೆಸದೆ, ಅವುಗಳ ಲ್ಯಾಟಿನ್ ಮತ್ತು ಗ್ರೀಕ್ ಬೇರುಗಳನ್ನು ತೋರಿಸಿ ಕಲಿಸುವುದು ಅದರ ಕ್ರಮ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಈ ಕ್ರಮ ಮೆಚ್ಚುಗೆ. ಮೆಚ್ಚಿಕೊಂಡೇ ಎರಡು ಮಾತು ಹೇಳಬೇಕಾಗಿದೆ.

ಮೊದಲು ಗುಣವನ್ನು ನೋಡೋಣ. ಲ್ಯಾಟಿನ್ನಿನಲ್ಲಿ ‘ಪೋರ್ತಾರೆ’ ಎಂದರೆ ಹೊರು, ಒಯ್ಯು. ಹೊರಗಿನಿಂದ ಒಳಕ್ಕೆ ತರುವುದು ಇಂಪೋರ್ಟ್, ಒಳಗಿನಿಂದ ಹೊರಕ್ಕೆ ಕಳಿಸುವುದು ಎಕ್ಸ್‌ಪೋರ್ಟ್, ಇಲ್ಲಿಂದ ಅಲ್ಲಿಗೆ ಸಾಗಿಸುವುದು ಟ್ರಾನ್ಸ್‌ಪೋರ್ಟ್. ಒಂದು ಬೇರು ಕೈಗೆ ಸಿಕ್ಕರೆ ಹತ್ತು ಪದಗಳ ಭಯ ಹೋಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಇದು ಸಣ್ಣ ಲಾಭವಲ್ಲ.

ಆದರೆ ಆ ಹುಡುಗಿಯ ಬಳಿ ಆಗಲೇ ಇರುವ ಬಂಡವಾಳ ಈ ಪುಸ್ತಕದ ಲೆಕ್ಕಕ್ಕೆ ಬರುವುದಿಲ್ಲ. ಇದು ನನ್ನ ಮೊದಲ ಮಾತು. ಒಯ್ಯು ಎಂಬ ಅರ್ಥದ ‘ಹೃ’ ಧಾತುವಿನಿಂದಲೇ ಆಹಾರ, ವಿಹಾರ, ಸಂಹಾರ, ಪರಿಹಾರಗಳು ಹುಟ್ಟಿವೆ. ಉಪಸರ್ಗ ಬದಲಾದಂತೆ ಅರ್ಥ ಬದಲಾಗುವುದು ನಮಗೆ ಹೊಸದೇನಲ್ಲ. ಮನೆಯಲ್ಲಿ ‘ಹಲ್ಲುನೋವು’ ಎನ್ನುತ್ತೇವೆ, ಆಸ್ಪತ್ರೆಯ ಬೋರ್ಡಿನ ಮೇಲೆ ‘ದಂತ ವೈದ್ಯರು’ ಎಂದಿರುತ್ತದೆ. ಇಂಗ್ಲಿಷಿನವರಿಗೂ ಬಾಯಲ್ಲಿರುವುದು ಟೂತ್, ಬೋರ್ಡಿನ ಮೇಲಿರುವವರು ಡೆಂಟಿಸ್ಟ್. ದಿನಬಳಕೆಯ ಪಾತ್ರೆ ಬೇರೆ, ಹಬ್ಬಕ್ಕೆ ಅಟ್ಟದಿಂದ ಇಳಿಸುವ ಪಾತ್ರೆ ಬೇರೆ ಎನ್ನುವಂತೆ ಎರಡೂ ಭಾಷೆಗಳಲ್ಲಿ ಎರಡೆರಡು ಸಾಲು ಪದಗಳಿವೆ. ಡೆಂಟಿಸ್ಟ್ ಪದದ ಲ್ಯಾಟಿನ್ ಬೇರೂ ನಮ್ಮ ‘ದಂತ’ವೂ ಒಂದೇ ಬಳ್ಳಿಯ ಕಾಯಿಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನಂಟನ್ನು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲೇ ಎತ್ತಿ ಹೇಳಿದ್ದರು. ಇಷ್ಟನ್ನು ಸೇರಿಸಿ ಹೇಳಿಕೊಟ್ಟರೆ ‘ನನಗೆ ಇಂಗ್ಲಿಷ್ ಬರುವುದಿಲ್ಲ ಮಿಸ್’ ಎನ್ನುವವಳ ಮುಖದ ಅಂಜಿಕೆ ಅರ್ಧ ಇಳಿಯುತ್ತದೆ.

ಎರಡನೆಯ ಮಾತು ಇದಕ್ಕಿಂತ ಮುಖ್ಯ. ಪದದ ಬೇರು ಹೇಳಿದ ಮಾತ್ರಕ್ಕೆ ಅದರ ಬಾಳನ್ನು ಹೇಳಿದಂತಾಗುವುದಿಲ್ಲ. ಆಗದವರನ್ನು ಬೈಯುವ ಪದಗಳಿಗಾಗಿಯೇ ಲೂಯಿಸ್ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಅಲ್ಲಿ ‘ವಿರಾಗೊ’ ಬರುತ್ತದೆ. ಬಾಯಿ ಜೋರಿನ, ಜಗಳಗಂಟಿ ಹೆಂಗಸು ಎಂದರ್ಥ. ಅದರ ಬೇರು ಲ್ಯಾಟಿನ್ನಿನ ‘ವಿರ್’, ಅಂದರೆ ಗಂಡಸು. ನಮ್ಮ ‘ವೀರ’ನ ದಾಯಾದಿ. ಸದ್ಗುಣವೆಂಬ ಅರ್ಥದ ‘ವರ್ಚ್ಯೂ’ ಕೂಡ ಅದೇ ಬೇರಿನದು. ಒಂದು ಕಾಲಕ್ಕೆ ವಿರಾಗೊ ಎಂದರೆ ಧೀರ ಹೆಂಗಸು ಎಂಬ ಹೊಗಳಿಕೆಯೂ ಇತ್ತು. ಬರಬರುತ್ತಾ ಬೈಗುಳವೇ ಉಳಿಯಿತು. ನಾವೇನು ಕಡಿಮೆ? ಗಂಡಿನಲ್ಲಿದ್ದರೆ ಪೌರುಷ, ಅದೇ ಹೆಣ್ಣಿನಲ್ಲಿದ್ದರೆ ‘ಗಂಡುಬೀರಿ’.

ಇನ್ನೊಂದು ಜೋಡಿ ನೋಡಿ. ತಂದೆ ಎಂಬ ಬೇರಿನಿಂದ ‘ಪ್ಯಾಟ್ರಿಮೊನಿ’, ತಾಯಿ ಎಂಬ ಬೇರಿನಿಂದ ‘ಮ್ಯಾಟ್ರಿಮೊನಿ’. ಎರಡೂ ಒಂದೇ ಅಚ್ಚಿನಲ್ಲಿ ಎರೆದ ಪದಗಳು. ಮೊದಲನೆಯದು ತಂದೆಯಿಂದ ಬಂದ ಆಸ್ತಿ. ಹಾಗಾದರೆ ಎರಡನೆಯದು ತಾಯಿಯಿಂದ ಬಂದ ಆಸ್ತಿ ಆಗಬೇಕಿತ್ತಲ್ಲ? ಆದದ್ದು ಮದುವೆ! ತಂದೆಯ ಹೆಸರಿಗೆ ಹೊಲಮನೆ, ತಾಯಿಯ ಹೆಸರಿಗೆ ಸಂಸಾರ. ನಮ್ಮ ಪತ್ರಗಳಲ್ಲೂ ‘ಪಿತ್ರಾರ್ಜಿತ’ ಧಾರಾಳವಾಗಿ ಸಿಗುತ್ತದೆ, ‘ಮಾತ್ರಾರ್ಜಿತ’ ಎಂಬ ಪದವನ್ನು ನಾನಂತೂ ಕಂಡಿಲ್ಲ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಕಾನೂನು ಬದಲಾಯಿತು, ಪದ ಹಾಗೇ ಉಳಿಯಿತು.

ಹಾಗೆಂದು ಎಲ್ಲ ಪದಗಳಲ್ಲೂ ಹುಳುಕು ಹುಡುಕುವುದೂ ತರವಲ್ಲ. ‘ಫೀಮೇಲ್’ ಪದ ‘ಮೇಲ್’ನ ಬಾಲ ಹಿಡಿದು ಬಂದದ್ದೆಂದು ಹಲವರು ನಂಬಿದ್ದಾರೆ. ನಿಜವಾಗಿ ಅದು ಲ್ಯಾಟಿನ್ನಿನ ‘ಫೆಮೆಲ್ಲ’ದಿಂದ ಬಂದದ್ದು; ‘ಮೇಲ್’ನ ಸಹವಾಸದಿಂದ ಅದರ ಸ್ಪೆಲ್ಲಿಂಗ್ ಬದಲಾಯಿತು, ಅಷ್ಟೆ. ಬೇರು ತಿಳಿದವಳಿಗೆ ಇಂಥ ತಪ್ಪು ತಿಳಿವಳಿಕೆಯೂ ಕಳಚುತ್ತದೆ.

ಆದ್ದರಿಂದ ಮಗಳಿಗೆ ಈ ಪುಸ್ತಕ ಕೊಡಿಸಿ, ಧಾರಾಳವಾಗಿ ಕೊಡಿಸಿ. ಅಭ್ಯಾಸದ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇವೆ, ಅವಳೇ ತಾಳೆ ನೋಡಿಕೊಳ್ಳಲಿ. ಪದದ ಅರ್ಥ ಹೀಗೇಕಾಯಿತು ಎಂಬ ಪ್ರಶ್ನೆ ಮಾತ್ರ ಆ ಅಭ್ಯಾಸದಲ್ಲಿಲ್ಲ. ಅದನ್ನು ಮನೆಯಲ್ಲಿ ತಾಯಿ, ಶಾಲೆಯಲ್ಲಿ ನಮ್ಮಂಥವರು ಕೇಳಬೇಕು.