ಎಡೆ, ಕಳೆ, ಬಾಳು

ಕುಷ್ಟಗಿ ಸೀಮೆಯ ಒಕ್ಕಲು ಮನೆಗಳಲ್ಲಿ ಒಂದೇ ದಿನ ಎರಡು ‘ಎಡಿ’, ಅಂದರೆ ಎಡೆ. ಬೆಳಿಗ್ಗೆ ಸಜ್ಜೆಯ ಸಾಲುಗಳ ನಡುವೆ ಕಳೆ ತೆಗೆಯಲು ಎಡಿ ಹೊಡೆಯುತ್ತಾರೆ, ಸಂಜೆ ದೇವರಿಗೆ ನೈವೇದ್ಯದ ಎಡಿ ಹಿಡಿಯುತ್ತಾರೆ. ಯಾರಿಗೂ ಗೊಂದಲವಿಲ್ಲ.

  

ಒಂದು ಮಾತಿಗೆ ಎರಡರ್ಥ ಇಷ್ಟು ಸಹಜ. ಆದರೆ ವೃತ್ತಿ ನಾಟಕಗಳ ಕೆಲವು ಹಾಸ್ಯದೃಶ್ಯಗಳೂ ಅವುಗಳ ಜಾಡು ಹಿಡಿದ ಸಿನಿಮಾ ಸಂಭಾಷಣೆಗಳೂ ಸೇರಿ ‘ಡಬಲ್ ಮೀನಿಂಗ್’ ಎಂದರೆ ಪೋಲಿಮಾತು ಎಂದಷ್ಟೇ ಮಾಡಿಬಿಟ್ಟಿವೆ. ಇದು ಭಾಷೆಗಾದ ಅನ್ಯಾಯ. ಅಲ್ಲಿ ಮೊದಲನೆಯ ಅರ್ಥ ಬರೀ ನೆಪ, ಎರಡನೆಯದಕ್ಕೇ ಚಪ್ಪಾಳೆ. ಒಂದೇ ಮಾತಿನಲ್ಲಿ ಎರಡರ್ಥ ಕೂಡಿಸುವ ಶ್ಲೇಷೆ ಎಂದರೆ ಅಪ್ಪುಗೆ. ಅಪ್ಪಿಕೊಂಡ ಎರಡಕ್ಕೂ ಜೀವವಿರಬೇಕು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನೆಲವೆಂದು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ, ಅಂದರೆ ಕುಷ್ಟಗಿಯ ಜಿಲ್ಲಾಕೇಂದ್ರವಾದ ಇಂದಿನ ಕೊಪ್ಪಳವೂ ಒಂದು. ಆ ಗ್ರಂಥಕ್ಕೆ ದಾರಿ ತೋರಿದ ಸಂಸ್ಕೃತ ಲಾಕ್ಷಣಿಕ ದಂಡಿಗೆ ಶ್ಲೇಷೆ ಗೌರವದ ಅಲಂಕಾರ.

ಎಡೆಯ ಮೂಲದಲ್ಲಿ ಇರುವುದು ಜಾಗ, ನಡುವಿನ ತೆರವು ಎಂಬ ಅರ್ಥ. ಸಾಲಿನ ನಡುವಿನ ಜಾಗ, ದೇವರ ಮುಂದೆ ಬಡಿಸಿಟ್ಟ ಜಾಗ: ಒಂದೇ ಬೇರಿನ ಎರಡು ಟಿಸಿಲು. ಆದರೆ ಎಡೆಕುಂಟೆಗೆ ಸಿಕ್ಕುವ ‘ಕಳೆ’ಯ ಕಥೆಯೇ ಬೇರೆ. ಹೊಲದ ಕಳೆ ದ್ರಾವಿಡದ್ದು, ತಮಿಳಿನಲ್ಲಿ ‘ಕಳೈ’. ಮುಖದ ಕಳೆ ಸಂಸ್ಕೃತದ ‘ಕಲಾ’ದಿಂದ ಬಂದದ್ದು. ಎಲ್ಲೆಲ್ಲಿಯೋ ಹುಟ್ಟಿದ ಎರಡು ಮಾತು ಕನ್ನಡದಲ್ಲಿ ಒಂದೇ ದನಿಯಾದವು.

ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಶಬ್ದಮಣಿದರ್ಪಣ’ದಲ್ಲಿ ಅವನು ದೇಶೀಯ ಳಕಾರವನ್ನು ಕುಳವೆಂದೂ ಸಂಸ್ಕೃತದ ಲಕಾರ ತಿರುಗಿ ಆದದ್ದನ್ನು ಕ್ಷಳವೆಂದೂ ಬೇರ್ಪಡಿಸಿದ. ಮೂರನೆಯದು ರಳ, ಅಂದರೆ ‘ೞ’. ಈ ಅಕ್ಷರ ಬಳಕೆಯಲ್ಲಿದ್ದಾಗ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಕಿವಿಗೇ ವ್ಯತ್ಯಾಸ ತಿಳಿಯುತ್ತಿತ್ತು. ‘ೞ’ ಹೋದಮೇಲೆ ಕತ್ತಿಯೂ ಬದುಕೂ ಒಂದೇ ‘ಬಾಳು’ ಆದವು. ಇನ್ನೊಂದು ಹಳೆಯ ಅಕ್ಷರ ‘ಱ’ ಹೋದಾಗಲೂ ಹೀಗೆಯೇ ಆಯಿತು: ತಿಳಿ ಎನ್ನುವ ‘ಅಱಿ’ ಹಗೆ ಎನ್ನುವ ‘ಅರಿ’ಯ ಜೊತೆ ಬೆರೆಯಿತು. ಕವಿಗಳಿಗೆ ಕೇಳದೆ ಸಿಕ್ಕ ಶ್ಲೇಷೆಗಳಿವು. ಶಾಲೆಯ ವ್ಯಾಕರಣಪಾಠದಲ್ಲಿ ಇವಕ್ಕೊಂದು ಪುಟ ಸಿಗಲೇಬೇಕು.

ಕುಷ್ಟಗಿಯ ಹೊಲದಲ್ಲಿ ಮಾತ್ರ ಪಾಠ ಆಗಲೇ ನಡೆದಿದೆ. ಎಡಿ ಹೊಡೆದು ಬದುವಿನ ಮೇಲೆ ನಿಂತವರು ತಿರುಗಿ ನೋಡಿ ಅನ್ನಬಹುದು: ಕಳೆ ಹೋತು, ಹೊಲಕ್ಕ ಕಳೆ ಬಂತು.